ಗಿರಾಕಿ ಸಿಕ್ಕ ಮೇಲೆ ಕಾಗದಪತ್ರ

ಇಂಗ್ಲೆಂಡಿನಲ್ಲಿ ಮನೆ ಮಾರುವುದು ನೀರು ಕುಡಿದಷ್ಟು ಸುಲಭ, ಕರ್ನಾಟಕದಲ್ಲಿ ಅದೊಂದು ಯಮಯಾತನೆ ಎಂಬ ಮಾತು, ನಾವು ಕನ್ನಡಿಗರು ಇಲ್ಲಿ ನಾಲ್ಕು ಜನ ಸೇರಿದ ಕಡೆಯಲ್ಲೆಲ್ಲ ಕೇಳಿಬರುತ್ತದೆ. ಇಲ್ಲಿ ಒಂದು ಮನೆಯನ್ನೂ ಮೈಸೂರಿನಲ್ಲಿ ತಂದೆಯವರ ಮನೆಯನ್ನೂ ಮಾರಿದ ನನಗೆ ಈ ಮಾತಿನ ಮೊದಲ ಅರ್ಧವನ್ನು ಒಪ್ಪಲಾಗುವುದಿಲ್ಲ, ಉಳಿದರ್ಧವನ್ನು ತಳ್ಳಿಹಾಕಲೂ ಆಗುವುದಿಲ್ಲ. ತುರ್ತಾಗಿ ಮಾರಹೊರಟವನನ್ನು ಎರಡೂ ವ್ಯವಸ್ಥೆಗಳು ಕಾಯಿಸುತ್ತವೆ. ಇಲ್ಲಿ ಹೆಚ್ಚಾಗಿ ಮನುಷ್ಯರಿಗಾಗಿ ಕಾಯಬೇಕು, ಅಲ್ಲಿ ಕಾಗದಕ್ಕಾಗಿ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನೋಂದಣಿಯಾದ ಆಸ್ತಿಗೆ ಲ್ಯಾಂಡ್ ರಿಜಿಸ್ಟ್ರಿಯ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಆ ಹಕ್ಕಿಗೆ ಸರ್ಕಾರದ ಖಾತರಿಯಿದೆ, ದಾಖಲೆಯ ತಪ್ಪಿನಿಂದ ನಷ್ಟವಾದರೆ ಪರಿಹಾರಕ್ಕೂ ಅವಕಾಶವಿದೆ. 1990ರ ಡಿಸೆಂಬರ್‌ನಿಂದ ಈ ದಾಖಲೆ ಸಾರ್ವಜನಿಕರಿಗೆ ತೆರೆದಿರುವುದರಿಂದ, ಕೆಲವೇ ಪೌಂಡು ತೆತ್ತು ಯಾರದೇ ಮನೆಯ ಮಾಲೀಕರು ಯಾರು, ಅದರ ಮೇಲೆ ಯಾವ ಬ್ಯಾಂಕಿನ ಸಾಲವಿದೆ ಎಂಬುದನ್ನು ಕುಳಿತಲ್ಲೇ ನೋಡಬಹುದು. ಇಷ್ಟಿದ್ದರೂ ವ್ಯವಹಾರ ತಿಂಗಳುಗಟ್ಟಲೆ ಎಳೆಯುತ್ತದೆ. ಬೆಲೆ ಕುದುರಿ ಎರಡೂ ಕಡೆಯವರು ಒಪ್ಪಿದ ಮೇಲೂ, ವಕೀಲರು ಕರಾರುಪತ್ರಗಳನ್ನು ವಿನಿಮಯ ಮಾಡಿಕೊಳ್ಳುವವರೆಗೆ ಯಾರು ಬೇಕಾದರೂ ನಯಾಪೈಸೆ ದಂಡವಿಲ್ಲದೆ ಹಿಂದೆ ಸರಿಯಬಹುದು. ನನ್ನ ಮನೆಯನ್ನು ಕೊಳ್ಳಬೇಕಿದ್ದ ದಂಪತಿಗಳು ಮೊದಲು ತಮ್ಮ ಮನೆ ಮಾರಬೇಕಿತ್ತು. ಅದನ್ನು ಕೊಳ್ಳುವವರಿಗೆ ಸಾಲ ಮಂಜೂರಾಗಬೇಕಿತ್ತು. ಆ ಸಾಲ ಸಿಗದೆ ಇಡೀ ಸರಪಳಿಯೇ ಕಳಚಿಬಿತ್ತು. ನಾನು ಮುಖವನ್ನೇ ಕಾಣದ ಯಾರದೋ ಬ್ಯಾಂಕ್ ಖಾತೆ ನನ್ನ ಮನೆಯ ಮಾರಾಟವನ್ನು ನಿರ್ಧರಿಸಿತ್ತು. ಅವಸರವಿದ್ದವರಿಗೆ ಹರಾಜಿನ ದಾರಿಯಿದೆ. ಸಾಂಪ್ರದಾಯಿಕ ಹರಾಜಿನಲ್ಲಿ ಸುತ್ತಿಗೆ ಬಿದ್ದ ಕ್ಷಣಕ್ಕೆ ಕರಾರು ಆದಂತೆ, ಸಾಮಾನ್ಯವಾಗಿ ಶೇ. 10ರಷ್ಟನ್ನು ಅಲ್ಲೇ ಕಟ್ಟಿ ಉಳಿದದ್ದನ್ನು 28 ದಿನಗಳಲ್ಲಿ ತೀರಿಸಬೇಕು. ಆ ವೇಗಕ್ಕಾಗಿ ಮಾರುವವನು ಬೆಲೆಯಲ್ಲಿ ಒಂದಿಷ್ಟು ಬಿಟ್ಟುಕೊಡುತ್ತಾನೆ, ಅಷ್ಟೆ.

ಒಪ್ಪಿದ ಮಾತಿಗೆ ಕಟ್ಟುಬೀಳುವ ವಿಷಯದಲ್ಲಿ ಕರ್ನಾಟಕದ ನಾವೇ ಮೇಲು ಎಂದು ನನಗೆ ಅನ್ನಿಸುತ್ತದೆ. ಮುಂಗಡ ಕೊಟ್ಟು ಕ್ರಯದ ಕರಾರಿಗೆ ಸಹಿ ಬಿತ್ತೆಂದರೆ ಇಬ್ಬರೂ ಕಟ್ಟುಬಿದ್ದರು. ಮಾತು ತಪ್ಪಿದವನನ್ನು ನ್ಯಾಯಾಲಯಕ್ಕೆ ಎಳೆಯಬಹುದು. ಮೈಸೂರಿನ ಮನೆಗೆ ಗಿರಾಕಿ ಬೇಗ ಸಿಕ್ಕರು, ಬೆಲೆಯೂ ಒಂದೇ ಸಂಜೆಯಲ್ಲಿ ಕುದುರಿತು. ತೊಡಕು ಶುರುವಾದದ್ದೇ ಆಮೇಲೆ.

ನಮ್ಮ 1908ರ ನೋಂದಣಿ ಕಾಯ್ದೆ ನೋಂದಾಯಿಸುವುದು ಪತ್ರವನ್ನು, ಹಕ್ಕನ್ನಲ್ಲ. ಉಪನೋಂದಣಾಧಿಕಾರಿಯ ಮುಂದೆ ಹೆಬ್ಬೆಟ್ಟು ಒತ್ತಿ, ಕ್ಯಾಮರಾಕ್ಕೆ ಮುಖ ತೋರಿಸಿ ಬಂದವನು ನಿಜವಾದ ಮಾಲೀಕನೆಂದು ಸರ್ಕಾರ ಖಾತರಿ ಕೊಡುವುದಿಲ್ಲ. ಹೀಗಾಗಿ ಒಂದು ಮನೆ ಎಷ್ಟು ಸಲ ಕೈಬದಲಿಸುತ್ತದೋ ಅಷ್ಟು ಸಲವೂ ಕೊಳ್ಳುವವರ ವಕೀಲರು ಅದರ ಚರಿತ್ರೆಯನ್ನು ಬುಡದಿಂದ ಕೆದಕುತ್ತಾರೆ. ನಮ್ಮ ತಂದೆಯವರಿಗೆ ನಿವೇಶನ ಕೊಟ್ಟದ್ದು ನಗರಾಭಿವೃದ್ಧಿ ಪ್ರಾಧಿಕಾರ, ಅದೂ ಗುತ್ತಿಗೆ ಸಹಿತ ಮಾರಾಟದ ಕರಾರಿನ ಮೇಲೆ. ಗುತ್ತಿಗೆಯ ಅವಧಿ ಮುಗಿದ ಮೇಲೆ ಶುದ್ಧ ಕ್ರಯಪತ್ರ ಬರೆಸಿಕೊಳ್ಳಬೇಕು. ಬರೆಸಿಕೊಳ್ಳದೆಯೇ ಕಣ್ಣುಮುಚ್ಚಿದವರು ಎಷ್ಟೋ ಮಂದಿ. ನಮ್ಮ ಪುಣ್ಯಕ್ಕೆ ಆ ಪತ್ರವಿತ್ತು, ಆದರೆ ಅದರಲ್ಲಿ ತಂದೆಯವರ ಊರಿನ ಹೆಸರು ಇನಿಷಿಯಲ್ ಆಗಿ ಕುಳಿತಿತ್ತು, ಮರಣ ಪ್ರಮಾಣಪತ್ರದಲ್ಲಿ ಪೂರ್ತಿ ಬಿಚ್ಚಿಕೊಂಡಿತ್ತು. ಇಬ್ಬರೂ ಒಬ್ಬರೇ ಎಂದು ಪ್ರಮಾಣ ಮಾಡಿ ಅಫಿಡವಿಟ್ ಸಲ್ಲಿಸಬೇಕಾಯಿತು. ಮನೆಯ ಮೇಲಿನ ಸಾಲಗಳನ್ನು ತೋರಿಸುವ ಋಣಭಾರ ಪತ್ರ ತೆಗೆಸಿದಾಗ, ಎಂದೋ ತೀರಿಸಿದ ಗೃಹಸಾಲದ ಅಡಮಾನ ಇನ್ನೂ ಜೀವಂತವಾಗಿತ್ತು, ಏಕೆಂದರೆ ಸಾಲ ತೀರಿದ ಮೇಲೆ ಬಿಡುಗಡೆ ಪತ್ರವನ್ನು ಯಾರೂ ನೋಂದಾಯಿಸಿರಲಿಲ್ಲ. ಸಾಲ ತೀರಿದ 30 ದಿನಗಳಲ್ಲಿ ಬ್ಯಾಂಕುಗಳು ಮೂಲಪತ್ರಗಳನ್ನು ಹಿಂದಿರುಗಿಸಿ ಅಡಮಾನವನ್ನೂ ತೆಗೆಸಬೇಕು, ತಮ್ಮಿಂದಾಗಿ ತಡವಾದರೆ ದಿನಕ್ಕೆ 5,000 ರೂಪಾಯಿ ತೆರಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲೇ ತೀರಿದ ಸಾಲಗಳಿಗೆ ಅದರಿಂದ ಉಪಯೋಗವಿಲ್ಲ.

ಇನ್ನು ವಾರಸುದಾರರ ಮಾತು. ಉಯಿಲು ಬರೆಯದೆ ತೀರಿಕೊಂಡ ಹಿಂದೂ ತಂದೆಯ ಸ್ವಯಾರ್ಜಿತ ಮನೆಯಲ್ಲಿ ಹೆಂಡತಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ 1956ರಿಂದಲೇ ಸಮಪಾಲು ಇದೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಾನ ಹಕ್ಕು ಕೊಡಲು ಕರ್ನಾಟಕ 1994ರಲ್ಲೇ ಕಾಯ್ದೆ ತಿದ್ದಿತ್ತು. ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ, ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದು 2020ರಲ್ಲಿ. ಆದ್ದರಿಂದ ಈಗ ಯಾವ ವಕೀಲರೂ ವಂಶವೃಕ್ಷ ನೋಡದೆ, ಅದರಲ್ಲಿರುವ ಎಲ್ಲರ ಸಹಿಯಿಲ್ಲದೆ ಕದಲುವುದಿಲ್ಲ. ಅಕ್ಕತಂಗಿಯರು ಸಹಿ ಹಾಕಲು ಸತಾಯಿಸಿದರು ಎಂದು ಗೊಣಗುವ ಅನಿವಾಸಿ ಮಿತ್ರರಿದ್ದಾರೆ. ಪಾಲಿನ ಸುದ್ದಿಯೆತ್ತದೆ ಬರೀ ಸಹಿ ಕೇಳಿದರೆ ಸತಾಯಿಸದೆ ಇನ್ನೇನು ಮಾಡಿಯಾರು? ಕಾನೂನು ಇಲ್ಲಿ ಒಡ್ಡುವ ಅಡ್ಡಿ ನನ್ನ ದೃಷ್ಟಿಯಲ್ಲಿ ನ್ಯಾಯವಾದದ್ದೇ. ಹಾಗೆ ನೋಡಿದರೆ ಇಂಗ್ಲೆಂಡಿನಲ್ಲೂ ತೀರಿಕೊಂಡವರೊಬ್ಬರ ಹೆಸರಿನಲ್ಲೇ ಇದ್ದ ಮನೆಯನ್ನು ಪ್ರೊಬೇಟ್, ಅಂದರೆ ಅವರ ಆಸ್ತಿ ನಿರ್ವಹಿಸಲು ನ್ಯಾಯಾಲಯ ಕೊಡುವ ಅಧಿಕಾರ, ಸಿಗದೆ ಮಾರಿ ಮುಗಿಸಲಾಗದು.

ಹೊರದೇಶದಲ್ಲಿ ಕುಳಿತು ಮಾರುವವನಿಗೆ ಇದರ ಮೇಲೆ ಇನ್ನೊಂದು ಸುತ್ತು. ನಾನು ಹೋಗಲಾಗದೆ ನನ್ನ ಪರವಾಗಿ ಸಹಿ ಹಾಕಲು ತಮ್ಮನಿಗೆ ಮುಖ್ತಿಯಾರನಾಮೆ ಬರೆದುಕೊಡಬೇಕಾಯಿತು. ಅದನ್ನು ಇಲ್ಲಿ ನೋಟರಿಯ ಅಥವಾ ಭಾರತದ ರಾಯಭಾರ ಕಚೇರಿಯ ಅಧಿಕಾರಿಯ ಮುಂದೆ ಬರೆಸಿ, ಭಾರತ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಕ್ರಯಪತ್ರವೇ ಇಲ್ಲದೆ ಬರೀ ಜಿಪಿಎ (ಸಾಮಾನ್ಯ ಮುಖ್ತಿಯಾರನಾಮೆ) ಬರೆದುಕೊಟ್ಟು ಮಾರಿಬಿಡಿ ಎಂದು ಸಲಹೆ ಕೊಡುವ ದಲ್ಲಾಳಿಗಳು ಈಗಲೂ ಸಿಗುತ್ತಾರೆ. ಅಂಥ ವ್ಯವಹಾರದಿಂದ ಹಕ್ಕು ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಕೊಳ್ಳುವವರು ಬೆಚ್ಚಿಬಿದ್ದದ್ದು ತೆರಿಗೆಯ ವಿಷಯಕ್ಕೆ. ಮಾರುವವನು ನಿವಾಸಿಯಾಗಿದ್ದು ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ. 1ರಷ್ಟನ್ನು ತೆರಿಗೆಗೆಂದು ಮುರಿದುಕೊಂಡರೆ ಸಾಕು. ಅನಿವಾಸಿಯಾದರೆ ಆ 50 ಲಕ್ಷದ ವಿನಾಯಿತಿಯಿಲ್ಲ, ದರವೂ ಎಷ್ಟೋ ಪಾಲು ಹೆಚ್ಚು, ಮೇಲಾಗಿ ಲಾಭದ ಮೇಲಷ್ಟೇ ಅಲ್ಲದೆ ರೂಢಿಯಲ್ಲಿ ಪೂರ್ತಿ ಕ್ರಯದ ಹಣದ ಮೇಲೆಯೇ ಮುರಿಯುತ್ತಾರೆ. ಇದನ್ನು ತಪ್ಪಿಸಲು ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ತರಬೇಕು, ಅದಕ್ಕೆ ವಾರಗಟ್ಟಲೆ ಕಾಯಬೇಕು. ಅರ್ಧ ಹಣವನ್ನು ನಗದಾಗಿ ಕೊಟ್ಟು ನಾಳೆಯೇ ನೋಂದಾಯಿಸಿಕೊಳ್ಳುತ್ತೇನೆ ಎಂದು ಬಂದವರೂ ಇದ್ದರು. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದು ಕಾನೂನುಬಾಹಿರ ಎಂಬುದು ಒತ್ತಟ್ಟಿಗಿರಲಿ, ಬ್ಯಾಂಕಿಗೆ ಕಾಲಿಡದ ಹಣವನ್ನು ಲಂಡನ್ನಿಗೆ ಕಳಿಸುವುದಾದರೂ ಹೇಗೆ?

ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶವೂ ಇ-ಖಾತೆಯ ಕಡ್ಡಾಯವೂ ಬಂದು ನಕಲಿ ಪತ್ರಗಳ ಹಾವಳಿಗೆ ಒಂದಿಷ್ಟು ತಡೆ ಬಿದ್ದಿರಬಹುದು. ಆದರೆ ಖಾತೆ ಎಂದರೆ ತೆರಿಗೆ ಕಟ್ಟುವವರ ದಾಖಲೆಯೇ ಹೊರತು ಹಕ್ಕುಪತ್ರವಲ್ಲ. ಹಕ್ಕಿಗೆ ಸರ್ಕಾರವೇ ಜವಾಬ್ದಾರಿ ಹೊರುವವರೆಗೆ ವಕೀಲರ ಅಗೆತ ನಿಲ್ಲದು. ಅಲ್ಲಿಯವರೆಗೆ ಮಾರುವ ಯೋಚನೆಯಿದ್ದವರು ಋಣಭಾರ ಪತ್ರವನ್ನೂ ಖಾತೆಯನ್ನೂ ಹೆಸರಿನ ತಿದ್ದುಪಡಿಯನ್ನೂ, ಸಾಧ್ಯವಾದರೆ ಹಿರಿಯರು ಬದುಕಿರುವಾಗಲೇ, ಗಿರಾಕಿಯನ್ನು ಹುಡುಕುವ ಮೊದಲೇ ಮುಗಿಸಿಕೊಳ್ಳುವುದು ಲೇಸು. ಬ್ರಿಟನ್ನಿನ ನಿವಾಸಿಗಳು ಮೈಸೂರಿನ ಲಾಭವನ್ನು ಸಾಮಾನ್ಯವಾಗಿ ಇಲ್ಲಿನ ತೆರಿಗೆಯವರಿಗೂ ತಿಳಿಸಬೇಕಾಗುತ್ತದೆ. ಅಲ್ಲಿನ ಆರ್ಥಿಕ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ, ಇಲ್ಲಿನದು ಏಪ್ರಿಲ್ 5ಕ್ಕೆ. ಆ ನಡುವಿನ ದಿನಗಳಲ್ಲಿ ನೋಂದಣಿ ಇಟ್ಟುಕೊಳ್ಳುವ ಮುನ್ನ ಎರಡೂ ಕಡೆಯ ಲೆಕ್ಕಪರಿಶೋಧಕರನ್ನು ಕೇಳಿಕೊಳ್ಳಬೇಕು.