ಎಡಗಿವಿಗೂ ವಿಶೇಷ ಸ್ಥಾನಮಾನ ಬೇಕು

ಸಿಂಧನೂರಿನಿಂದ ರಾಯಚೂರಿಗೆ ಹೊರಟಿದ್ದ ಬಸ್ಸು ರಸ್ತೆಯುಬ್ಬೊಂದನ್ನು ಹತ್ತಿ ಇಳಿದ ಕ್ಷಣದಲ್ಲಿ, ಕಿಟಕಿಯ ಪಕ್ಕ ಕುಳಿತಿದ್ದ ಯುವಕನೊಬ್ಬನ ಎಡಗಿವಿಯಿಂದ ಇಯರ್‌ಬಡ್ ಜಾರಿ ಸೀಟುಗಳ ಕೆಳಗೆ ಎಲ್ಲಿಗೋ ಉರುಳಿಹೋಯಿತು. ಮುಂದಿನ ಕಾಲು ಗಂಟೆ ಆ ಬಸ್ಸಿನಲ್ಲಿ ನಡೆದದ್ದು ಮಸ್ಕಿಯ ಉತ್ಖನನಕ್ಕೆ ಕಡಿಮೆಯಿಲ್ಲದ ಶ್ರದ್ಧೆಯ ಕೆಲಸ. ಕಂಡಕ್ಟರ್ ಟಿಕೆಟ್ ಯಂತ್ರವನ್ನು ಬಗಲಿಗೆ ಸರಿಸಿ ಮೊಬೈಲಿನ ದೀಪ ಹಿಡಿದರು. ಗೊಬ್ಬರದ ಚೀಲಗಳನ್ನು ಎತ್ತಿ ಬದಿಗಿಡಲಾಯಿತು. ತೂಕಡಿಸುತ್ತಿದ್ದ ಅಜ್ಜಿಯೊಬ್ಬರು ಎಚ್ಚೆತ್ತು, ಕಿವಿಯಿಂದ ಬಿದ್ದದ್ದೆಂದರೆ ಬೆಂಡೋಲೆಯೇ ಇರಬೇಕೆಂದು ಲೊಚಗುಟ್ಟಿದರು. ಯುವಕ ಮಾತ್ರ ತಪ್ಪಿತಸ್ಥನಂತೆ ನಿಂತು, ‘ನನ್ನ ಎಡಗಿವೀನೇ ಸರಿ ಇಲ್ರಿ, ಏನಿಟ್ರೂ ನಿಲ್ಲಂಗಿಲ್ಲ’ ಎಂದ. ಎಲ್ಲರೂ ಮರುಕದಿಂದ ತಲೆಯಾಡಿಸಿದರು. ಬಿದ್ದ ವಸ್ತುವಿನಲ್ಲೇ ದೋಷವಿರಬಹುದೆಂಬ ಸಂಶಯ ಒಬ್ಬರಿಗೂ ಬರಲಿಲ್ಲ.

ಚಪ್ಪಲಿ ಕಚ್ಚಿದರೆ ಚಪ್ಪಲಿಯನ್ನು ಬಯ್ಯುವ, ಅಂಗಿ ಬಿಗಿಯಾದರೆ ಟೈಲರನ ಮನೆಯವರೆಗೂ ಹೋಗಿ ಜಗಳವಾಡುವ ನಮ್ಮ ಜನ, ಇಯರ್‌ಫೋನ್ ಜಾರಿದಾಗ ಮಾತ್ರ ಹೆತ್ತವರು ಕೊಟ್ಟ ಕಿವಿಯ ಮೇಲೆ ಗೂಬೆ ಕೂರಿಸುವುದೇಕೆ ಎಂಬುದು ನನಗೆ ಇನ್ನೂ ಬಗೆಹರಿಯದ ಒಗಟು. ಬಳ್ಳಾರಿಯ ಜೀನ್ಸ್ ಅಂಗಡಿಗಳಲ್ಲಿ ಸೊಂಟಕ್ಕೆ 28, 30, 32 ಎಂದು ಅಳತೆಗಳ ಸಾಲೇ ಇರುತ್ತದೆ. ಅಷ್ಟಾಗಿಯೂ ಅರ್ಧ ಇಂಚು ವ್ಯತ್ಯಾಸವಾದರೆ ಟೈಲರ್ ನೀವು ಚಹಾ ಕುಡಿದು ಬರುವುದರೊಳಗೆ ಬಿಡಿಸಿ ಹೊಲಿದು ಕೊಡುತ್ತಾನೆ. ಕಿವಿಯ ವಿಷಯದಲ್ಲಿ ಜಗತ್ತಿನ ಸಮಸ್ತ ಮನುಷ್ಯರಿಗೆ ಸಾಮಾನ್ಯವಾಗಿ ಮೂರೇ ಅಳತೆ: ಸಣ್ಣದು, ನಡುವಿನದು, ದೊಡ್ಡದು. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಪ್ಯಾರಿಸ್ಸಿನ ಪೊಲೀಸ್ ಇಲಾಖೆಯ ಅಲ್ಫಾನ್ಸ್ ಬರ್ಟಿಯೋನ್ ಎಂಬಾತ, ಒಬ್ಬರ ಕಿವಿ ಇನ್ನೊಬ್ಬರದರಂತೆ ಇರುವುದಿಲ್ಲವೆಂದು ನಂಬಿ, ಅಪರಾಧಿಗಳ ಗುರುತಿಗಾಗಿ ಕಿವಿಯ ಅಳತೆ ಬರೆದಿಡುತ್ತಿದ್ದ. ಪೊಲೀಸರಿಗೆ ಎಣಿಸಲಾರದಷ್ಟು ಕಂಡ ಕಿವಿಗಳು ಕಂಪನಿಗಳಿಗೆ ಮೂರಾಗಿ ಕಂಡಿರುವುದು ತಂತ್ರಜ್ಞಾನದ ಮಹಿಮೆ ಎನ್ನಬೇಕು.

ಆ ಮೂರನ್ನಾದರೂ ನಾವು ಬಳಸುತ್ತೇವೆಯೇ? ನಡುವಿನ ಗಾತ್ರದ ಸಿಲಿಕೋನ್ ಟೊಪ್ಪಿಗೆ ಕಾರ್ಖಾನೆಯಲ್ಲೇ ತೊಡಿಸಿಕೊಂಡು ಬಂದಿರುತ್ತದೆ. ಉಳಿದೆರಡು ಜೋಡಿಗಳು ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ, ಹೊಸ ಅಂಗಿಯ ಜೊತೆ ಬಂದ ಹೆಚ್ಚುವರಿ ಗುಂಡಿಗಳ ಪಕ್ಕದಲ್ಲಿ, ಕಪಾಟಿನ ಡಬ್ಬಿಯೊಳಗೆ ಶಾಶ್ವತವಾಗಿ ನೆಲೆಸುತ್ತವೆ. ಬಲಗಿವಿಗೆ ನಡುವಿನದನ್ನೂ ಎಡಗಿವಿಗೆ ದೊಡ್ಡದನ್ನೂ ತೊಡಿಸಬಹುದೆಂದು ಹೇಳಿದರೆ, ಎರಡು ಕಾಲಿಗೆ ಬೇರೆ ಬೇರೆ ಜೋಡಿಯ ಚಪ್ಪಲಿ ಮೆಟ್ಟಿಕೊಂಡು ಮದುವೆಗೆ ಹೋಗಲು ಹೇಳಿದವನನ್ನು ನೋಡುವಂತೆ ನೋಡುತ್ತಾರೆ. ಎರಡೂ ಕಿವಿಗಳ ನಾಳಗಳು ಒಂದೇ ಅಳತೆಯಲ್ಲಿ ಇರಲೇಬೇಕೆಂಬ ನಿಯಮವನ್ನು ದೇವರು ಎಲ್ಲಿಯೂ ಬರೆದುಕೊಟ್ಟಿಲ್ಲ. ಪ್ರಾದೇಶಿಕ ಅಸಮತೋಲನವನ್ನು ಅಳೆಯಲು ನೇಮಕವಾಗಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದು ಹೇಳಿತು. ಒಂದೇ ತಲೆಯ ಎರಡು ಬದಿಗಳ ನಡುವಿನ ಅಸಮತೋಲನವನ್ನು ಅಳೆಯಲು ಇನ್ನೂ ಯಾವ ಸಮಿತಿಯೂ ನೇಮಕವಾಗಿಲ್ಲ.

ಆದಕಾರಣ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ನೀಡುವ ಸಂವಿಧಾನದ 371-ಜೆ ವಿಧಿಯನ್ನು ಪಡೆದ ನಾವು ಈಗ ಎಡಗಿವಿಗೂ ವಿಶೇಷ ಸ್ಥಾನಮಾನ ಕೇಳುವುದು ನ್ಯಾಯವಾಗಿದೆ. ಜಿಲ್ಲಾಧಿಕಾರಿಗಳ ಮೂಲಕ ಸಲ್ಲಿಸಬೇಕಾದ ಮನವಿಪತ್ರದ ಕರಡು ನನ್ನ ಬಳಿ ಸಿದ್ಧವಿದೆ. ಮೊದಲನೆಯ ಬೇಡಿಕೆ ಖಡಕ್ ರೊಟ್ಟಿ ಪರೀಕ್ಷೆ. ದವಡೆಯ ಕೀಲು ಕಿವಿಯ ನಾಳಕ್ಕೆ ಅಂಟಿಕೊಂಡಂತೆಯೇ ಇರುವುದರಿಂದ, ಬಾಯಿ ತೆರೆದು ಮುಚ್ಚಿದಾಗಲೆಲ್ಲ ನಾಳದ ಆಕಾರ ತುಸು ಬದಲಾಗುತ್ತದೆ; ಬ್ರೆಡ್ ತಿನ್ನುವವರ ಕಿವಿಯಲ್ಲಿ ನಿಶ್ಚಲವಾಗಿ ಕೂರುವ ಇಯರ್‌ಬಡ್, ಕೊಪ್ಪಳದ ಊಟದ ಮನೆಯಲ್ಲಿ ಎರಡನೆಯ ಖಡಕ್ ಜೋಳದ ರೊಟ್ಟಿ ಮುರಿಯುವಷ್ಟರಲ್ಲಿ ಶೇಂಗಾ ಚಟ್ನಿಯೊಳಗೆ ಇಳಿದಿರುತ್ತದೆ. ಮಂಡಕ್ಕಿ ಒಗ್ಗರಣೆ ಮತ್ತು ಮಿರ್ಚಿಯ ಮಟ್ಟಿಗೆ ಇನ್ನೊಂದು ಅಪಾಯವಿದೆ: ಮಿರ್ಚಿ ಹಿಡಿದ ಎಣ್ಣೆಗೈಯಲ್ಲಿ ಜಾರುತ್ತಿರುವುದನ್ನು ಒತ್ತಿ ಕೂರಿಸಿದವನಿಗೆ, ಮೊದಲೇ ಜಾರುತ್ತಿದ್ದದ್ದು ಈಗ ಎಣ್ಣೆ ಹಚ್ಚಿಕೊಂಡು ಜಾರುವ ಭಾಗ್ಯ. ಎರಡನೆಯ ಬೇಡಿಕೆ ರಾಯಚೂರಿನ ಬೇಸಿಗೆಗೆ ಸಂಬಂಧಿಸಿದ್ದು. 40 ಡಿಗ್ರಿ ದಾಟಿದ ಮಧ್ಯಾಹ್ನ ಕಿವಿಯ ಒಳಗೂ ಬೆವರು ಇಳಿಯುತ್ತದೆಂಬ ಸಂಗತಿಯನ್ನು ಹವಾನಿಯಂತ್ರಿತ ಕೊಠಡಿಯಲ್ಲಿ ಕುಳಿತು ವಿನ್ಯಾಸ ಮಾಡುವವರಿಗೆ ಯಾರಾದರೂ ಪತ್ರ ಬರೆದು ತಿಳಿಸಬೇಕು.

ಹಾಗೆಂದು ಇಯರ್‌ಬಡ್ಡನ್ನು ಕಿವಿಯಲ್ಲಿ ನಿಲ್ಲಿಸುವ ವಿದ್ಯೆ ಗೂಢವೇನೂ ಅಲ್ಲ. ಎದುರುಬದಿಯ ಕೈಯನ್ನು ತಲೆಯ ಮೇಲಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದರೆ ಡೊಂಕಾದ ನಾಳ ನೆಟ್ಟಗಾಗುತ್ತದೆ. ಆಗ ಬಡ್ಡನ್ನು ಇಟ್ಟು ತುಸು ತಿರುಗಿಸಿ ಕೈಬಿಟ್ಟರೆ ಕೂರುತ್ತದೆ. ನಮ್ಮ ಮೇಷ್ಟ್ರು ಇದೇ ದಿಕ್ಕಿನಲ್ಲಿ ಕಿವಿ ಹಿಡಿದೆತ್ತಿ ನಾಳ ನೇರ ಮಾಡುತ್ತಿದ್ದರು, ಅದೂ ಪುಕ್ಕಟೆಯಾಗಿ. ಆಗ ನಮ್ಮ ಬಳಿ ಇಯರ್‌ಫೋನ್ ಇರಲಿಲ್ಲವೆಂಬುದಷ್ಟೇ ಕೊರತೆ. ಸ್ಪಂಜಿನ ಟೊಪ್ಪಿಗೆಯಾದರೆ ಅದನ್ನು ಬತ್ತಿ ಹೊಸೆದಂತೆ ಹೊಸೆದು ಒಳಗಿಟ್ಟು, ಅರಳುವ ತನಕ ಅರ್ಧ ನಿಮಿಷ ಬೆರಳಿನಿಂದ ಹಿಡಿದಿರಬೇಕು. ರೀಲು ನೋಡಲು ಅರ್ಧ ದಿನ ಕೊಡುವವರಿಗೆ ಈ ಅರ್ಧ ನಿಮಿಷ ದುಬಾರಿ. ಟೊಪ್ಪಿಗೆಗೆ ಮೆತ್ತಿದ ಕಿವಿಯ ಗುಗ್ಗೆಯನ್ನು ವಾರಕ್ಕೊಮ್ಮೆ ಒರೆಸುವ ವಿಚಾರವನ್ನು ಊಟದ ಹೊತ್ತಿನಲ್ಲಿ ಓದುತ್ತಿರುವವರ ಸಲುವಾಗಿ ಇಲ್ಲಿಗೇ ಬಿಡುತ್ತೇನೆ.

ತಂತಿಯಿದ್ದ ಕಾಲದಲ್ಲಿ ಅದನ್ನು ಕಿವಿಯ ಮೇಲಿನಿಂದ ಸುತ್ತಿ ಹಿಂದಕ್ಕೆ ಇಳಿಬಿಟ್ಟರೆ ಎಳೆತವೆಲ್ಲ ತಂತಿಯ ಪಾಲಾಗಿ ಬಡ್ ಅಲುಗುತ್ತಿರಲಿಲ್ಲ. ಜುಮುಕಿಯ ಭಾರ ತಡೆಯಲು ಕಿವಿಯ ಮೇಲೆ ಸರಪಳಿ ಹಾಯಿಸಿದ ನಮ್ಮ ಪತ್ತಾರರಿಗೆ ಈ ಉಪಾಯ ತಿಳಿದಿತ್ತು. ಉರುಸಿನಲ್ಲಿ ಕಿವಿಯ ಬಟ್ಟಲಿಗೆ ಇಟ್ಟ ಅತ್ತರಿನ ಹತ್ತಿ ಮರುದಿನದವರೆಗೂ ಅಲ್ಲಿಯೇ ಇರುತ್ತದೆ, ಬಡಗಿಯ ಪೆನ್ಸಿಲ್ ಸಂಜೆಯವರೆಗೂ ಕಿವಿಯ ಸಂದಿ ಬಿಡುವುದಿಲ್ಲ. 2016ರಲ್ಲಿ ಆ್ಯಪಲ್ ಕಂಪನಿ ಫೋನಿನಿಂದ ತಂತಿಯ ತೂತನ್ನೇ ಕಿತ್ತುಹಾಕಿದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಅದೇ ದಾರಿ ಹಿಡಿದರು. ಬಿದ್ದರೂ ಕೊರಳಲ್ಲಿ ತೂಗುತ್ತಿದ್ದ ವಸ್ತು ಬಿದ್ದರೆ ಚರಂಡಿಯನ್ನೇ ಸೇರುವ ಸ್ವಾತಂತ್ರ್ಯವನ್ನು ಪಡೆಯಿತು.

ಸಡಿಲವಾಗಿ ಕೂತ ಬಡ್ಡಿನ ಸಂದಿಯಿಂದ ಮೊದಲು ಸೋರಿಹೋಗುವುದು ತಬಲಾದ ಡಗ್ಗಾದಂತಹ ಕೆಳದನಿಗಳು. ಅವು ಕೇಳಿಸಲಿಲ್ಲವೆಂದು ಜನ ವಾಲ್ಯೂಮ್ ಏರಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಮೀರದಂತೆ ಕೇಳಿರೆಂದು ಹೇಳಿದರೆ, ನಮ್ಮ ಬಸ್ಸಿನಲ್ಲಿ ಹಾಡು ಹಿಂದಿನ ಮೂರು ಸೀಟಿನವರಿಗೆ ಪದಪದವಾಗಿ ಕೇಳಿಸುತ್ತದೆ, ಡಗ್ಗಾ ಮಾತ್ರ ಮಾಲೀಕನಿಗೂ ದಕ್ಕುವುದಿಲ್ಲ.

ಮಾನ್ವಿ ದಾಟುವ ಹೊತ್ತಿಗೆ ಕಂಡಕ್ಟರ್ ಹಿಂಬದಿಯ ಸೀಟಿನ ಕೆಳಗಿನಿಂದ ಎದ್ದು ಬಂದು, ಧೂಳು ಮೆತ್ತಿದ ಎರಡು ಇಯರ್‌ಬಡ್‌ಗಳನ್ನು ಅಂಗೈಯಲ್ಲಿ ಹಿಡಿದು ತೋರಿಸಿದರು. ಎರಡೂ ಎಡಗಿವಿಯವು, ಎರಡೂ ಆ ಯುವಕನವಲ್ಲ. ಯಾವ ವಾರದ ಯಾವ ಪ್ರಯಾಣಿಕರು ತಮ್ಮ ಕಿವಿಯನ್ನು ಶಪಿಸುತ್ತ ಇಳಿದುಹೋಗಿದ್ದರೋ! ಅವನು ಒಂದನ್ನು ಅಂಗಿಗೆ ಒರೆಸಿ, ನಾನು ಬೇಡವೆನ್ನುವುದರೊಳಗೆ ಕಿವಿಗಿಟ್ಟುಕೊಂಡ. ಅದಕ್ಕೆ ದೊಡ್ಡ ಗಾತ್ರದ ಟೊಪ್ಪಿಗೆಯಿತ್ತು. ಮುಂದಿನ ಉಬ್ಬಿನಲ್ಲಿ ಬಸ್ಸು ಎಗರಿ ಬಿದ್ದರೂ ಅದು ಕದಲಲಿಲ್ಲ.