ಕೋರಿ ಸ್ಟ್ರಿಂಗರ್ ಸಾವನ್ನು ಬಿಸಿಲಿನ ತಲೆಗೆ ಕಟ್ಟಬೇಡಿ

ಅಮೆರಿಕನ್ ಫುಟ್‌ಬಾಲ್‌ನ ಮಿನ್ನೆಸೋಟ ವೈಕಿಂಗ್ಸ್ ತಂಡದ ಕೋರಿ ಸ್ಟ್ರಿಂಗರ್ 2001ರ ಆಗಸ್ಟ್ 1ರ ನಸುಕಿನಲ್ಲಿ ಹೀಟ್ ಸ್ಟ್ರೋಕ್‌ನಿಂದ, ಅಂದರೆ ಮೈಬಿಸಿ ಮಿತಿಮೀರಿ ಏರಿ, ತೀರಿಕೊಂಡರು. ವಯಸ್ಸು 27. ಹಿಂದಿನ ಸೀಸನ್‌ನಲ್ಲಷ್ಟೇ ಲೀಗ್‌ನ ಅತ್ಯುತ್ತಮ ಆಟಗಾರರ ಪಂದ್ಯವಾದ ಪ್ರೊ ಬೌಲ್‌ಗೆ ಆಯ್ಕೆಯಾಗಿದ್ದರು. "ದಪ್ಪ ಮನುಷ್ಯ, ಬಿಸಿಲು ತಡೀಲಿಲ್ಲ" ಅಂತ ಒಂದೇ ಮಾತಲ್ಲಿ ಮುಗಿಸುವವರು ಈಗಲೂ ಇದ್ದಾರೆ. ನಾನಂತೂ ಒಪ್ಪುವುದಿಲ್ಲ.

ದೇಹ ದೊಡ್ಡದಾಗಿತ್ತು, ನಿಜ. ಅವರು ಆಡುತ್ತಿದ್ದ ಸ್ಥಾನ ಆಫೆನ್ಸಿವ್ ಟ್ಯಾಕಲ್, ಅಂದರೆ ಎದುರಾಳಿಯನ್ನು ಮೈಯೊಡ್ಡಿ ತಡೆಯುವ ಕೆಲಸ; ತೂಕ 150 ಕಿಲೋ ದಾಟಿತ್ತು. ಅಷ್ಟು ಮಾಂಸಖಂಡ ದುಡಿದಾಗ ಹುಟ್ಟುವ ಶಾಖ ಹೊರಹೋಗಬೇಕಾದ್ದು ಚರ್ಮದಿಂದ. ಬೆವರು ಹರಿದರೆ ಸಾಲದು, ಆರಬೇಕು. ಹೆಲ್ಮೆಟ್, ಭುಜದ ಪ್ಯಾಡ್, ದಪ್ಪ ಜೆರ್ಸಿ ಹಾಕಿದ ಮೇಲೆ ಆರುವುದೆಲ್ಲಿಂದ? ಮ್ಯಾಂಕೇಟೊ ಊರಿನ ತರಬೇತಿ ಶಿಬಿರದಲ್ಲಿ ಜುಲೈ 30ರಂದು ಅವರು ವಾಂತಿ ಮಾಡಿಕೊಂಡು ಅಭ್ಯಾಸ ಅರ್ಧಕ್ಕೆ ಬಿಟ್ಟಿದ್ದರು. ಮರುದಿನ ಮತ್ತೆ ಪೂರ್ತಿ ಪ್ಯಾಡ್ ಕಟ್ಟಿ ಇಳಿದರು, ಅಭ್ಯಾಸ ಮುಗಿದಾಗ ಕುಸಿದರು. ಮೊದಲು ಕರೆದೊಯ್ದದ್ದು ಎಸಿ ಇದ್ದ ಕೋಣೆಗೆ, ಆಮೇಲೆ ಆಸ್ಪತ್ರೆಗೆ. ಅಲ್ಲಿ ಅಳೆದಾಗ ಮೈಬಿಸಿ 42.7 ಡಿಗ್ರಿ ಸೆಲ್ಸಿಯಸ್.

ಎಸಿ ಗಾಳಿ ಇಂಥ ಬಿಸಿಯನ್ನು ಬೇಗ ಇಳಿಸುವುದಿಲ್ಲ. ಐಸ್ ಹಾಕಿದ ನೀರಿನ ತೊಟ್ಟಿ ಇಳಿಸುತ್ತದೆ, ನಿಮಿಷಕ್ಕೆ ಹೆಚ್ಚೂಕಡಿಮೆ 0.2 ಡಿಗ್ರಿಯಂತೆ. 42.7ರಿಂದ 39ಕ್ಕೆ ಬರಲು ಸುಮಾರು 20 ನಿಮಿಷ. ಕುಸಿದ ಅರ್ಧ ಗಂಟೆಯೊಳಗೆ 40ರ ಕೆಳಗೆ ತಂದರೆ ಬಹುತೇಕ ಎಲ್ಲರೂ ಬದುಕುತ್ತಾರೆ. ಆಂಬುಲೆನ್ಸ್ ದಾರಿಯಲ್ಲೇ ಆ ಅರ್ಧ ಗಂಟೆ ಕಳೆದುಹೋಗುತ್ತದೆ. ಹಾಗಾಗಿ ಫೋನ್ ಮಾಡಿ ಆಂಬುಲೆನ್ಸ್ ಕರೆಸಿ, ಆದರೆ ಮೈ ತಣ್ಣಗಾಗುವ ತನಕ ಹತ್ತಿಸಬೇಡಿ.

ಮಾಡುವುದು ಹೀಗೆ: ಹೆಲ್ಮೆಟ್, ಪ್ಯಾಡ್ ಕಳಚಿ, ಕಳಚಲು ತಡವಾದರೆ ತೊಟ್ಟಿಯೊಳಗೇ ಕಳಚಿ. ಕುತ್ತಿಗೆವರೆಗೆ ಮುಳುಗಿಸಿ. ಕಂಕುಳಡಿ ಹಾಸಿಗೆ ಬಟ್ಟೆ ಹಾಯಿಸಿ ಒಬ್ಬರು ಹಿಂದಿನಿಂದ ಹಿಡಿದಿರಬೇಕು, ಇಲ್ಲದಿದ್ದರೆ ಪ್ರಜ್ಞೆ ತಪ್ಪಿದವರು ಜಾರಿ ಮುಳುಗುತ್ತಾರೆ. ನೀರನ್ನು ಕಲಕುತ್ತಲೇ ಇರಿ. ಬಿಟ್ಟರೆ ಚರ್ಮದ ಸುತ್ತ ಬೆಚ್ಚನೆಯ ನೀರಿನ ಪದರ ನಿಂತು ತಂಪು ತಾಗುವುದಿಲ್ಲ. ತಲೆಗೆ ಐಸ್ ನೀರಿನಲ್ಲಿ ಅದ್ದಿದ ಟವೆಲ್ ಇಡಿ, ಬಿಸಿಯಾದಂತೆಲ್ಲ ಬದಲಾಯಿಸಿ. 39ಕ್ಕೆ ಬಂದ ಕೂಡಲೇ ಹೊರಗೆ ತೆಗೆಯಿರಿ, ಇನ್ನೂ ಇಟ್ಟರೆ ಮೈ ಅತಿಯಾಗಿ ತಣ್ಣಗಾಗುತ್ತದೆ.

ತಪ್ಪುವುದು ಹೆಚ್ಚಾಗಿ ಗುರುತಿಸುವಲ್ಲೇ. ಮೈ ಒಣಗಿರಬೇಕು ಅಂತ ಕಾಯುತ್ತಾರೆ. ಆಡುತ್ತಾ ಕುಸಿದವರು ಬೆವರುತ್ತಲೇ ಇರುತ್ತಾರೆ. ತಡವರಿಸುವ ಮಾತು, ಕಾರಣವಿಲ್ಲದ ಸಿಟ್ಟು, ತೂರಾಡುವ ನಡಿಗೆ ಕಂಡರೆ ಮಿದುಳು ಬೇಯುತ್ತಿದೆ ಅಂತಲೇ ತಿಳಿಯಬೇಕು. ಕಂಕುಳು, ಬಾಯಿ, ಹಣೆಯ ಥರ್ಮಾಮೀಟರ್ ನಂಬುವಂತಿಲ್ಲ, ಕಡಿಮೆ ತೋರಿಸುತ್ತವೆ. ಸರಿಯಾದ ಅಳತೆ ಸಿಗುವುದು ಗುದದ್ವಾರದಲ್ಲಿ, ನಾಚಿಕೆಗೆ ಇಲ್ಲಿ ಜಾಗವಿಲ್ಲ. ಪ್ಯಾರಾಸಿಟಮಾಲ್ ಇದಕ್ಕೆ ಮದ್ದಲ್ಲ, ಇದು ಜ್ವರವೇ ಅಲ್ಲ.

ಸ್ಟ್ರಿಂಗರ್ ಹೆಸರಲ್ಲಿ 2010ರಲ್ಲಿ ಕನೆಟಿಕಟ್ ವಿಶ್ವವಿದ್ಯಾಲಯದಲ್ಲಿ ಸಂಸ್ಥೆಯೇ ಶುರುವಾಯಿತು. "ಮೊದಲು ತಂಪು, ಆಮೇಲೆ ಆಸ್ಪತ್ರೆ" ಅಂತ ಅದು ಸಾರುತ್ತಲೇ ಬಂದಿದೆ. ಆದರೂ 2018ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಆಟಗಾರ, 19ರ ಜೋರ್ಡನ್ ಮೆಕ್‌ನೇರ್ ಅಭ್ಯಾಸದಲ್ಲಿ ಕುಸಿದಾಗ ಅವರನ್ನು ತಣ್ಣೀರಿನಲ್ಲಿ ಮುಳುಗಿಸಲಿಲ್ಲ. ಎರಡು ವಾರದಲ್ಲಿ ತೀರಿಕೊಂಡರು. ಇದನ್ನು ದುರದೃಷ್ಟ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ನೀರು ತುಂಬಿದ ತೊಟ್ಟಿ, ಪಕ್ಕದಲ್ಲಿ ಐಸ್ ಪೆಟ್ಟಿಗೆ ಮೈದಾನದ ಅಂಚಿನಲ್ಲಿ ಸಿದ್ಧವಾಗದೆ ಬೇಸಿಗೆಯ ಯಾವ ಕೋಚ್‌ಗೂ ಸೀಟಿ ಊದುವ ಹಕ್ಕಿರಬಾರದು.