"ಆಗಿನವರು ಗಟ್ಟಿ ಇದ್ದರು" ಅನ್ನುವ ಮುಂಚೆ

ತಂಗಿಗೆ ಹೆರಿಗೆಯಾಗಿ ನಾಳೆಗೆ ಒಂದು ತಿಂಗಳು. ಮಗು ಚೆನ್ನಾಗಿದೆ, ಅವಳೂ ಚೆನ್ನಾಗಿದ್ದಾಳೆ. ಮೊನ್ನೆ ಮಗು ನೋಡೋಕೆ ಬಂದವರೊಬ್ಬರು ಹೇಳಿದರು: "ಈಗಿನವರಿಗೆ ಎಲ್ಲದಕ್ಕೂ ಆಸ್ಪತ್ರೆ, ಎಲ್ಲದಕ್ಕೂ ಇಂಜೆಕ್ಷನ್ನು. ನಮ್ಮ ಕಾಲದಲ್ಲಿ ಮನೆಯಲ್ಲೇ ಹತ್ತು ಹೆತ್ತರೂ ಕಲ್ಲಿನ ಹಾಗೆ ಗಟ್ಟಿಯಾಗಿರ್ತಿದ್ರು." ಬೇರೆ ದಿನ ಆಗಿದ್ದರೆ ಹೂಂ ಅಂದು ಸುಮ್ಮನಾಗುತ್ತಿದ್ದೆನೋ ಏನೋ. ಅವತ್ತು ಆಗಲಿಲ್ಲ. ಯಾಕೆಂದರೆ ಆ ರಾತ್ರಿ ಹೆರಿಗೆ ಕೋಣೆಯಲ್ಲಿ ನಾನು ತಂಗಿಯ ತಲೆ ಹತ್ತಿರ ನಿಂತಿದ್ದೆ.

ಮಗು ಬಂತು, ಅತ್ತಿತು, ಎಲ್ಲರ ಮುಖ ಅರಳಿತು. ಸ್ವಲ್ಪ ಹೊತ್ತಿಗೆ ಮಾಸೂ ಬಿತ್ತು. ಆಮೇಲೆ ನರ್ಸ್ ಅವಳ ಹೊಟ್ಟೆ ಮೇಲೆ ಕೈ ಇಟ್ಟು ನೋಡಿದರು. ಅವರ ಮುಖ ಬದಲಾಯಿತು. "ಇನ್ನೂ ಮೆತ್ತಗಿದೆ" ಅಂದರು. ತಂಗಿಯ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿದ್ದರು. ಅದರ ತುದಿಯಲ್ಲಿ ಚೀಲದಂಥ ಭಾಗ, ಅದರ ಮೇಲೆ ಅಳತೆಯ ಗೆರೆಗಳು. ರಕ್ತ ಅಲ್ಲಿ ತುಂಬುತ್ತಿತ್ತು. ಒಬ್ಬರು ಗೆರೆ ನೋಡಿ ಎಷ್ಟು ಮಿಲಿಲೀಟರ್ ಅಂತ ಜೋರಾಗಿ ಓದುತ್ತಿದ್ದರು: ಐನೂರು, ಆರುನೂರು, ಏಳುನೂರು. ಇನ್ನೊಬ್ಬರು ಹೊಟ್ಟೆಯನ್ನು ಹಿಟ್ಟು ನಾದಿದ ಹಾಗೆ ನಾದುತ್ತಿದ್ದರು. ಎರಡನೇ ಕೈಗೂ ಡ್ರಿಪ್ ಹಾಕಿದರು. ಒಂದಾದ ಮೇಲೆ ಒಂದು ಇಂಜೆಕ್ಷನ್. ತಂಗಿ ನನ್ನ ಕೈ ಹಿಡಿದುಕೊಂಡು "ಅಕ್ಕಾ, ತುಂಬಾ ಚಳಿ ಆಗ್ತಿದೆ" ಅಂದಳು. ಅವಳ ತುಟಿ ಬೆಳ್ಳಗಾಗಿತ್ತು.

ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ. ಕೊನೆಗೆ ನಾದುತ್ತಿದ್ದ ನರ್ಸ್ ಕೈ ನಿಲ್ಲಿಸಿ, ಉಸಿರು ಬಿಟ್ಟು, "ಗಟ್ಟಿಯಾಯ್ತು" ಅಂದರು. ಮೊನ್ನೆ ಬಂದವರ ಬಾಯಲ್ಲಿ ಅದೇ ಪದ ಕೇಳಿದಾಗ ನನಗೆ ಹೇಗಾಗಿರಬೇಡ ನೀವೇ ಹೇಳಿ.

ಅಲ್ಲಿ ಏನಾಗಿತ್ತು ಅಂತ ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ದಿನ ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ರಕ್ತ ಹರಿಯುತ್ತದೆ. ಮಾಸು ಬಿದ್ದಾಗ ಅದು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳೆಲ್ಲ ಬಾಯಿ ತೆರೆದುಕೊಂಡಿರುತ್ತವೆ. ಗರ್ಭಕೋಶ ಮುಷ್ಟಿಯ ಹಾಗೆ ಬಿಗಿದುಕೊಂಡರೆ ಅವು ಮುಚ್ಚಿಕೊಳ್ಳುತ್ತವೆ. ಬಿಗಿಯದೆ ಸಡಿಲವಾಗಿ ಉಳಿದರೆ ಹರಿಯುತ್ತಲೇ ಇರುತ್ತದೆ. ಮೈಯಲ್ಲಿ ಇರುವುದೇ ಐದು ಲೀಟರ್ ಆಸುಪಾಸು. ಲೆಕ್ಕ ಹಾಕಿ ನೋಡಿ, ಎಷ್ಟು ನಿಮಿಷದ ಮಾತು ಅಂತ. ತಾಯಿ ಗಟ್ಟಿಗಿತ್ತಿಯೋ, ಚೆನ್ನಾಗಿ ಉಂಡು ಬೆಳೆದವಳೋ, ಆಗ ಅದೊಂದೇ ಜೀವ ಉಳಿಸಲ್ಲ.

ಆ ರಾತ್ರಿ ಕೊಟ್ಟ ಇಂಜೆಕ್ಷನ್‌ಗಳಲ್ಲಿ ಒಂದರ ಹೆಸರು ಟ್ರಾನೆಕ್ಸಾಮಿಕ್ ಆ್ಯಸಿಡ್, ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆದು ಸ್ರಾವ ಕಡಿಮೆ ಮಾಡುವಂಥದ್ದು. ಆಮೇಲೆ ಅದರ ಬಗ್ಗೆ ಓದಿದೆ. ಜಪಾನಿನ ಉಟಾಕೊ ಒಕಮೊಟೊ ಅನ್ನುವ ವಿಜ್ಞಾನಿ, ಗಂಡನ ಜೊತೆ ಸೇರಿ 1960ರ ದಶಕದ ಶುರುವಿನಲ್ಲಿ ಕಂಡುಹಿಡಿದ ಔಷಧ ಅದು. ಪುಟ್ಟ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಲ್ಯಾಬಿನಲ್ಲಿ ಕೆಲಸ ಮಾಡಿದ ಹೆಂಗಸು. ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವ ತಾಯಂದಿರಿಗೆ ಇದು ಉಪಯೋಗಕ್ಕೆ ಬರಬೇಕು ಅನ್ನುವುದು ಅವರ ಆಸೆ. ಆದರೆ ಅದನ್ನು ಪರೀಕ್ಷೆ ಮಾಡಿ ನೋಡೋಣ ಅಂದರೆ ಅಲ್ಲಿನ ಹೆರಿಗೆ ಡಾಕ್ಟರುಗಳು ಒಪ್ಪಲಿಲ್ಲ. ಕೊನೆಗೆ ಸುಮಾರು 20,000 ತಾಯಂದಿರ ಮೇಲೆ ದೊಡ್ಡ ಪರೀಕ್ಷೆ ನಡೆದು 2017ರಲ್ಲಿ ಫಲಿತಾಂಶ ಬಂತು. ಮೂರು ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದ ಸಾವು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆ. ಅದನ್ನು ಕೇಳೋಕೆ ಒಕಮೊಟೊ ಇರಲಿಲ್ಲ. 2016ರಲ್ಲಿ ತೀರಿಕೊಂಡಿದ್ದರು. ಇದನ್ನು ಓದಿದ ರಾತ್ರಿ ನನಗೆ ತುಂಬಾ ಹೊತ್ತು ನಿದ್ದೆ ಬರಲಿಲ್ಲ.

ಮೊನ್ನೆ ಆ ಮಾತು ನಡೆದಾಗ ಅಜ್ಜಿಯೂ ಅಲ್ಲೇ ಕೂತಿದ್ದರು. ಅವರಿಗೀಗ 86. ಮಾತಿಗೆ ಮಾತು ಬೆಳೆಸುವವರಲ್ಲ. ಅತಿಥಿಗಳು ಹೋದ ಮೇಲೆ ನನ್ನ ಹತ್ತಿರ ಮೆಲ್ಲಗೆ ಹೇಳಿದರು. ಅವರಿಗೆ ಎಂಟು ವರ್ಷ ಇದ್ದಾಗ ಅವರ ಅಮ್ಮನಿಗೆ ಮನೆಯಲ್ಲೇ ಹೆರಿಗೆಯಾಯಿತಂತೆ. ಸುಲಭದ ಹೆರಿಗೆ, ಗಂಡು ಮಗು. ಮೂರನೇ ದಿನ ಜ್ವರ ಶುರು. ಮೈ ಕೆಂಡದ ಹಾಗೆ ಸುಡುತ್ತಿತ್ತಂತೆ. ಏನೇನೋ ಬಡಬಡಿಸುತ್ತಿದ್ದರಂತೆ. ಎಲ್ಲರೂ ಬಾಣಂತಿ ಸನ್ನಿ ಅಂದರು. ಏಳನೇ ದಿನ ಹೋಗಿಬಿಟ್ಟರು. ತಿಂಗಳೊಳಗೆ ಆ ಮಗುವೂ ಹೋಯಿತು. "ನಮ್ಮಮ್ಮನೂ ಗಟ್ಟಿಯಾಗೇ ಇದ್ದಳು ಕಣೇ" ಅಂದರು ಅಜ್ಜಿ. ಇಷ್ಟು ವರ್ಷದಲ್ಲಿ ಈ ಕಥೆ ನಮಗ್ಯಾರಿಗೂ ಹೇಳಿರಲಿಲ್ಲ.

ಲೆಕ್ಕ ಹಾಕಿದರೆ ಅದು 1947ರ ಸುಮಾರು. ಆ ವರ್ಷ ನನ್ನನ್ನು ಬಿಡುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ.

ಅದಕ್ಕೆ ಸರಿಯಾಗಿ ನೂರು ವರ್ಷ ಮುಂಚೆ, 1847ರಲ್ಲಿ, ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಇಗ್ನಾಜ್ ಸೆಮೆಲ್ವೈಸ್ ಅನ್ನುವ ಡಾಕ್ಟರ್ ಇದ್ದರು. ಅಲ್ಲಿ ಎರಡು ಹೆರಿಗೆ ವಾರ್ಡು. ಒಂದರಲ್ಲಿ ಡಾಕ್ಟರುಗಳು, ವೈದ್ಯ ವಿದ್ಯಾರ್ಥಿಗಳು. ಇನ್ನೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಡಾಕ್ಟರುಗಳ ವಾರ್ಡಿನಲ್ಲಿ ನೂರಕ್ಕೆ 11 ತಾಯಂದಿರು ಸತ್ತರು, ಸೂಲಗಿತ್ತಿಯರ ವಾರ್ಡಿನಲ್ಲಿ ನೂರಕ್ಕೆ 3 ಕೂಡ ಇಲ್ಲ. ಊರಿನ ಹೆಂಗಸರಿಗೂ ಇದು ಗೊತ್ತಿತ್ತು. ಮೊದಲನೇ ವಾರ್ಡಿಗೆ ಮಾತ್ರ ಹಾಕಬೇಡಿ ಅಂತ ಕಾಲಿಗೆ ಬೀಳುತ್ತಿದ್ದರು. ಕಾರಣ ತಿಳಿಯದೆ ಸೆಮೆಲ್ವೈಸ್ ಒದ್ದಾಡುತ್ತಿದ್ದರು. ಅಷ್ಟರಲ್ಲಿ ಅವರ ಸ್ನೇಹಿತರೊಬ್ಬರು ಹೆಣ ಕೊಯ್ಯುವಾಗ ವಿದ್ಯಾರ್ಥಿಯ ಚಾಕು ತಾಗಿ ಗಾಯವಾಗಿ ಸತ್ತರು. ಆ ದೇಹದಲ್ಲಿ ಕಂಡದ್ದು ಥೇಟ್ ಬಾಣಂತಿ ಜ್ವರದ ಗುರುತುಗಳೇ, ಅಂದರೆ ಹೆರಿಗೆಯಾದ ಮೇಲೆ ನಂಜೇರಿ ಆ ತಾಯಂದಿರನ್ನು ಕೊಲ್ಲುತ್ತಿದ್ದ ಜ್ವರದ್ದು. ಆಗ ಹೊಳೆಯಿತು. ಹೆಣ ಕೊಯ್ದ ಕೈಯಲ್ಲೇ ಡಾಕ್ಟರುಗಳು ಹೆರಿಗೆ ಮಾಡಿಸುತ್ತಿದ್ದರು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಎಲ್ಲರೂ ಕೈ ತೊಳೆಯಲೇಬೇಕು ಅಂತ ಕಟ್ಟುನಿಟ್ಟು ಮಾಡಿದರು. ಏಪ್ರಿಲಿನಲ್ಲಿ ನೂರಕ್ಕೆ 18 ಇದ್ದ ಸಾವು ಜೂನಿಗೆ 2ಕ್ಕೆ ಇಳಿಯಿತು. ಬರೀ ಕೈ ತೊಳೆದದ್ದಕ್ಕೆ! ಆದರೂ ಎಷ್ಟೋ ಡಾಕ್ಟರುಗಳು ನಂಬಲಿಲ್ಲ. ನಮ್ಮ ಕೈಯಿಂದಲೇ ಸಾವು ಬಂತು ಅಂತ ಒಪ್ಪುವುದು ಯಾರಿಗೂ ಸುಲಭ ಅಲ್ಲ. ಸೆಮೆಲ್ವೈಸ್ 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಗಾಯ ನಂಜಾಗಿ ಸತ್ತರು.

ಇನ್ನು 1947ಕ್ಕೆ ಐದು ವರ್ಷ ಮುಂಚೆ ಏನಾಯಿತು ನೋಡಿ. 1942ರ ಮಾರ್ಚ್, ಅಮೆರಿಕದ ನ್ಯೂ ಹೇವನ್. ಆ್ಯನ್ ಮಿಲ್ಲರ್ ಅನ್ನುವ ಹೆಂಗಸಿಗೆ ಗರ್ಭಪಾತವಾಗಿ, ರಕ್ತಕ್ಕೆ ನಂಜೇರಿ, ಸುಮಾರು ಒಂದು ತಿಂಗಳಿಂದ ಜ್ವರ ಇಳಿದಿರಲಿಲ್ಲ. ಇನ್ನು ಉಳಿಯಲ್ಲ ಅಂತ ಎಲ್ಲರೂ ಕೈ ಚೆಲ್ಲಿದ್ದರು. ಆಗಿನ್ನೂ ಚಮಚದ ಲೆಕ್ಕದಲ್ಲಿ ತಯಾರಾಗುತ್ತಿದ್ದ ಪೆನಿಸಿಲಿನ್ ತರಿಸಿ ಕೊಟ್ಟರು. ಮರುದಿನ ಬೆಳಿಗ್ಗೆಗೆ ಜ್ವರ ಬಿಟ್ಟಿತ್ತು. ಔಷಧಕ್ಕೆ ಎಷ್ಟು ಬರ ಇತ್ತೆಂದರೆ, ಆಕೆಯ ಮೂತ್ರವನ್ನೂ ಹಿಡಿದಿಟ್ಟು ಅದರಿಂದ ಪೆನಿಸಿಲಿನ್ ವಾಪಸ್ ತೆಗೆದರು. ಆಕೆ 1999ರವರೆಗೆ ಬದುಕಿದ್ದರು, 90 ವರ್ಷ.

ಅಂದರೆ ಮುತ್ತಜ್ಜಿ ಸಾಯುವ ಹೊತ್ತಿಗೆ ಕೈ ತೊಳೆಯಬೇಕು ಅಂತ ಸೆಮೆಲ್ವೈಸ್ ತೋರಿಸಿಕೊಟ್ಟು ನೂರು ವರ್ಷವಾಗಿತ್ತು. ಔಷಧವೂ ಬಂದಿತ್ತು. ಆ ಮನೆ ಬಾಗಿಲಿಗೆ ಎರಡೂ ಬಂದಿರಲಿಲ್ಲ.

"ಆಗಿನವರು ಗಟ್ಟಿ ಇದ್ದರು" ಅನ್ನುವ ಮಾತಿನ ಮೇಲೆ ನನಗೆ ಇರುವ ಸಿಟ್ಟು ಇದೇ. ಅದನ್ನು ಹೇಳುವವರು ಉಳಿದವರು. ಹೋದವರು ಬಂದು ಇಲ್ಲ ಅನ್ನೋಕಾಗಲ್ಲ ಅಲ್ವಾ? ಹಿಂದೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಹುಟ್ಟಿದ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ದೊಡ್ಡವರಾಗುವ ಮುಂಚೆಯೇ ಹೋಗುತ್ತಿದ್ದರು. ಹತ್ತು ಹೆತ್ತವರ ಕಥೆ ಹೇಳುವಾಗ ಆ ಹತ್ತರಲ್ಲಿ ಎಷ್ಟು ಉಳಿದವು ಅಂತಲೂ ಹೇಳಬೇಕು. ಹೆರಿಗೆ ಅಂದರೆ ಹೆಣ್ಣಿಗೆ ಮರುಜನ್ಮ ಅಂತ ನಮ್ಮ ಹಿರಿಯರೇ ಹೇಳಿಟ್ಟಿದ್ದಾರೆ. ಕಣ್ಣಾರೆ ಕಂಡವರು ಆಡಿದ ಮಾತು ಅದು.

ದುಡ್ಡು, ಅಧಿಕಾರ ಇದ್ದವರ ಮಕ್ಕಳೂ ಉಳಿಯುತ್ತಿರಲಿಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿದ. ಶ್ವಾಸಕೋಶ ಬಲಿತಿರಲಿಲ್ಲ. ಇಡೀ ದೇಶದ ಡಾಕ್ಟರುಗಳು ಕೈಗೆ ಸಿಗುವಂತಿದ್ದರೂ 39 ಗಂಟೆಗೆ ಮಗು ಹೋಯಿತು. ಇವತ್ತು ಅಷ್ಟೇ ಮುಂಚೆ ಹುಟ್ಟಿದ ಮಗು ಒಳ್ಳೆಯ ಆಸ್ಪತ್ರೆಯಲ್ಲಿದ್ದರೆ ಬಹುಮಟ್ಟಿಗೆ ಮನೆಗೆ ಬರುತ್ತದೆ. ಸಕ್ಕರೆ ಕಾಯಿಲೆಯ ಮಕ್ಕಳ ಕಥೆ ಇನ್ನೂ ಘೋರ. 1922ಕ್ಕಿಂತ ಮುಂಚೆ ಅವರಿಗೆ ಇದ್ದ ಚಿಕಿತ್ಸೆ ಅಂದರೆ ಉಪವಾಸ. ಹಸಿವಿನಲ್ಲಿ ಕೆಡವಿ ನಾಲ್ಕು ದಿನ ಜಾಸ್ತಿ ಉಳಿಸಿಕೊಳ್ಳುವುದು, ಅಷ್ಟೇ. ಆ ವರ್ಷದ ಜನವರಿಯಲ್ಲಿ ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನುವ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಅವನು ಆಗ ಮೂಳೆ ಚಕ್ಕಳ. ಮೊದಲ ಸಲ ಒಗ್ಗಲಿಲ್ಲ. ಔಷಧವನ್ನು ಇನ್ನಷ್ಟು ಶುದ್ಧ ಮಾಡಿ ಹನ್ನೆರಡು ದಿನ ಬಿಟ್ಟು ಮತ್ತೆ ಕೊಟ್ಟರು, ಹುಡುಗ ಚೇತರಿಸಿಕೊಂಡ. ಮತ್ತೆ ಹದಿಮೂರು ವರ್ಷ ಬಾಳಿದ.

ಎಲ್ಲದಕ್ಕೂ ದೊಡ್ಡ ಯಂತ್ರವೇ ಬೇಕು ಅಂತಿಲ್ಲ. 1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ನಿರಾಶ್ರಿತರ ಶಿಬಿರಗಳಿಗೆ ಕಾಲರಾ ಬಡಿಯಿತು. ಡ್ರಿಪ್ ಬಾಟಲಿ ಖಾಲಿಯಾದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗೆ ಬಂತು.

ಆಸ್ಪತ್ರೆ ಅಂದರೆ ಎಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಬೇಡದ ಸಿಸೇರಿಯನ್ ನಡೆಯುತ್ತವೆ. ನೋವಿನಲ್ಲಿರುವ ಹೆಂಗಸನ್ನು ಗದರುವವರಿದ್ದಾರೆ. ಬಿಲ್ ನೋಡಿ ಕುಸಿದವರಿದ್ದಾರೆ. ಅದನ್ನೆಲ್ಲ ಕೇಳಲೇಬೇಕು, ಜಗಳವನ್ನೂ ಆಡಬೇಕು. ಆದರೆ ಆ ಸಿಟ್ಟಿನಲ್ಲಿ ಔಷಧವೇ ಬೇಡ, ಲಸಿಕೆಯೇ ಬೇಡ, ಮನೆ ಹೆರಿಗೆಯೇ ಚೆಂದ ಅನ್ನುವವರ ಮಾತಿಗೆ ದಯವಿಟ್ಟು ತಲೆಯಾಡಿಸಬೇಡಿ.

ಯಾಕೆಂದರೆ ಮುತ್ತಜ್ಜಿಯ ಕಥೆ ಇನ್ನೂ ಮುಗಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2023ರಲ್ಲಿ ದಿನಕ್ಕೆ 700ಕ್ಕೂ ಹೆಚ್ಚು ಹೆಂಗಸರು ಬಸಿರು, ಹೆರಿಗೆಯ ಕಾರಣದಿಂದ ಸತ್ತರು. 2000ದಿಂದೀಚೆಗೆ ಸಾವಿನ ಪ್ರಮಾಣ ಸುಮಾರು 40% ಇಳಿದ ಮೇಲೂ ಇಷ್ಟು. ಹೆಚ್ಚಿನವರು ಬಡ ದೇಶಗಳವರು. ತಂಗಿಯ ಕೆಳಗೆ ಹಾಸಿದ್ದರಲ್ಲ, ಗೆರೆ ಇರುವ ಆ ಪ್ಲಾಸ್ಟಿಕ್ ಹಾಳೆ, ಅದನ್ನು ಆಫ್ರಿಕಾದ ನಾಲ್ಕು ದೇಶಗಳಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಹೆರಿಗೆಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಕಣ್ಣಂದಾಜು ಬಿಟ್ಟು ರಕ್ತ ಅಳೆದು, ಮಿತಿ ದಾಟಿದ ಕೂಡಲೇ ನಾದುವುದು, ಇಂಜೆಕ್ಷನ್, ಡ್ರಿಪ್ ಎಲ್ಲ ಒಟ್ಟಿಗೆ ಶುರು ಮಾಡುವುದು. ಭಾರೀ ರಕ್ತಸ್ರಾವದಂಥ ಅನಾಹುತ 60% ಕಡಿಮೆಯಾಯಿತು ಅಂತ 2023ರಲ್ಲಿ ವರದಿ ಬಂತು. ಒಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನಾಲ್ಕು ಗೆರೆ.

ನಿನ್ನೆ ಸಂಜೆ ಅಜ್ಜಿ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಕೂತಿದ್ದರು. ತಂಗಿ ಪಕ್ಕದಲ್ಲಿ ಮಾತ್ರೆ ನುಂಗುತ್ತಿದ್ದಳು. ಅಜ್ಜಿ ಕೇಳಿದರು, "ಆಗ ನಮ್ಮಮ್ಮನಿಗೆ ಔಷಧ ಸಿಕ್ಕಿದ್ದರೆ ಉಳೀತಿದ್ದಳೇನೇ?"

"ಉಳೀತಿದ್ರು ಅಜ್ಜಿ" ಅಂದೆ. ಅವರು ಮತ್ತೇನೂ ಕೇಳಲಿಲ್ಲ. ಮಗುವಿನ ಕಾಲನ್ನು ಒಳಗೆ ಎಳೆದು ಬಟ್ಟೆ ಸರಿಯಾಗಿ ಸುತ್ತಿದರು.